ಎಳೆಯುವ ಬಳ್ಳಿ ಅಂದ್ರೆ ಇಷ್ಟು ಅಸಡ್ಡೆ ಯಾಕೆ?

ಮೊನ್ನೆ ಭಾನುವಾರ ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಎತ್ತಿ ಕೂತಿದ್ದೆ. ಭಾನುವಾರ ಗವರ್ನರ್‌ಪೇಟೆ ಸ್ವಲ್ಪ ಉಸಿರು ಬಿಡುತ್ತದೆ. ಏಲೂರು ರೋಡಿನ ಹಾರನ್ ಗದ್ದಲ ಇರೋದಿಲ್ಲ, ಪೇಪರ್ ಓದೋಕೆ ಪುರುಸೊತ್ತು ಸಿಗ್ತದೆ. ಅಷ್ಟರಲ್ಲಿ ಒಬ್ಬ ಹುಡುಗ ಸಿಮೆಂಟ್ ಚೀಲದಲ್ಲಿ ಏನೋ ಸುತ್ತಿಕೊಂಡು ಬಂದು ಮೆಟ್ಟಿಲ ಮೇಲಿಟ್ಟ. "ಬಾಬಾಯ್, ತಾಡು ತೆಗಿಂದಿ" ಅಂದ. ಹಗ್ಗ ತುಂಡಾಯ್ತು ಅಂತ. ಚೀಲ ಬಿಚ್ಚಿದರೆ ಔಟ್‌ಬೋರ್ಡ್ ಇಂಜಿನ್ನಿನ ಸ್ಟಾರ್ಟರ್. ಫ್ಲೈವೀಲಿನ ಮೇಲೆ ಕೂರುವ ಆ ದುಂಡನೆ ಮುಚ್ಚಳ, ಒಳಗೆ ರಾಟೆ, ಸುರುಳಿ ಸ್ಪ್ರಿಂಗು, ಹೊರಗೆ ಮೊಳದುದ್ದ ನೇತಾಡುವ ಹರಿದ ಹಗ್ಗ.

ಹುಡುಗ ಕೃಷ್ಣೆಯಲ್ಲಿ ಮೀನು ಹಿಡಿಯುವವರ ಮನೆಯವನು. ಎಲ್ಲೋ ವಿಚಾರಿಸಿದ್ದಾನೆ, "ಇದನ್ನು ರಿಪೇರಿ ಮಾಡೋಕಾಗಲ್ಲ, ಪೂರ್ತಿ ಸೆಟ್ ಹೊಸದು ಹಾಕಿಸಬೇಕು" ಅಂದರಂತೆ. ಅವರು ಹೇಳಿದ ರೇಟು ಕೇಳಿ ನನಗೇ ತಲೆ ತಿರುಗಿತು. ಅರ್ಧ ಗಂಟೆಯಲ್ಲಿ ಹಗ್ಗ ಹಾಕಿ ಕೊಟ್ಟೆ. ಹಗ್ಗಕ್ಕೆ ಬಿದ್ದದ್ದು ಅರವತ್ತು ರೂಪಾಯಿ. ಅವನು ಹೋದ ಮೇಲೆ ಪೇಪರ್ ಓದೋಕೆ ಮನಸ್ಸಾಗಲಿಲ್ಲ. ಆ ಸಿಟ್ಟಿನಲ್ಲೇ ಇದನ್ನು ಬರೀತಿದ್ದೇನೆ, ಸ್ವಲ್ಪ ಉದ್ದವಾದರೆ ಬೇಜಾರು ಮಾಡ್ಕೋಬೇಡಿ.

ವಿಜಯವಾಡದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಕನ್ನಡದವನಿಗೆ ದೋಣಿ ಇಂಜಿನ್ ಹೇಗೆ ಗೊತ್ತು ಅಂತ ಕೇಳ್ತೀರಾ? ನಾನು ಗಂಗೊಳ್ಳಿ ಕಡೆಯವನು ಮಾರಾಯ್ರೆ. ಎಂಬತ್ತರ ದಶಕದಲ್ಲಿ ನಮ್ಮ ಕರಾವಳಿಯ ನಾಡದೋಣಿಗಳಿಗೆ ಔಟ್‌ಬೋರ್ಡ್ ಇಂಜಿನ್ ಬಂತಲ್ಲ, ಆಗ ಎರಡು ವರ್ಷ ಮಾವನ ದೋಣಿಯಲ್ಲಿ ಹೋಗಿದ್ದೆ. ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಗೆ ಬದಲಾಯಿಸುವ ಇಂಜಿನ್. ಅಳಿವೆಯ ಬಾಯಲ್ಲಿ ಇಂಜಿನ್ ನಿಂತರೆ ಏನಾಗ್ತದೆ ಅಂತ ಗಂಗೊಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಕಡೆ ಕಡಲಿನ ಅಲೆ, ಇನ್ನೊಂದು ಕಡೆ ಹೊಳೆಯ ಸೆಳೆತ. ಅಲ್ಲಿ ಮನುಷ್ಯನಿಗೂ ಸಾವಿಗೂ ನಡುವೆ ಇರೋದು ಐದಡಿ ಬಳ್ಳಿ. (ನಮ್ಮ ಕಡೆ ಹಗ್ಗಕ್ಕೆ ಬಳ್ಳಿ ಅನ್ನೋದು. ಮೂವತ್ತೈದು ವರ್ಷ ತೆಲುಗು ಮಾತಾಡಿದರೂ ಇದೊಂದು ಬಾಯಿಂದ ಹೋಗಿಲ್ಲ.) ಮಾವ ಪ್ರತಿ ಸಂಜೆ ದೋಣಿ ಮೇಲೆಳೆದ ಮೇಲೆ ಆ ಬಳ್ಳಿಯನ್ನು ಪೂರ್ತಿ ಎಳೆದು ಬೆರಳಲ್ಲಿ ಸವರಿ ನೋಡ್ತಿದ್ದರು. ಎಲ್ಲಾದರೂ ನೂಲು ಎದ್ದಿದ್ದರೆ ಆ ರಾತ್ರಿಯೇ ಹೊಸದು. "ನಾಳೆ ನೋಡಣ" ಅಂದಿದ್ದು ನಾನು ಕೇಳಲೇ ಇಲ್ಲ.

1988ರಲ್ಲಿ ಇಲ್ಲಿಗೆ ಬಂದೆ. ಮೊದಲು ಒಂದು ಉಡುಪಿ ಹೋಟೆಲಿನಲ್ಲಿ, ಆಮೇಲೆ ಪಂಪ್ ರಿಪೇರಿ ಅಂಗಡಿಯಲ್ಲಿ, ಆಮೇಲೆ ಸ್ವಂತದ್ದು. ಆಗಿನ ಗವರ್ನರ್‌ಪೇಟೆ ನೋಡಬೇಕಿತ್ತು ನೀವು! ತೊಂಬತ್ತರ ದಶಕದಲ್ಲಿ ಸಂಜೆ ಕರೆಂಟ್ ಹೋಯ್ತು ಅಂದ ಕೂಡಲೇ ಬೆಸೆಂಟ್ ರೋಡಿನ ಉದ್ದಕ್ಕೂ ಅಂಗಡಿಯ ಹುಡುಗರು ಫುಟ್‌ಪಾತಿಗೆ ಓಡಿಬಂದು ಚಿಕ್ಕ ಜನರೇಟರಿನ ಹಗ್ಗ ಎಳೆಯೋರು. ಸರ್ರ್... ಸರ್ರ್... ಬುರ್ರ್! ಒಂದಾದ ಮೇಲೊಂದು ಹೊತ್ತಿಕೊಳ್ಳುವ ಶಬ್ದ, ಸೀಮೆಎಣ್ಣೆ ಹೊಗೆ, ಸೀರೆ ಅಂಗಡಿಗೆ ವಾಪಸ್ಸು ಬರುವ ಬೆಳಕು. ಹಗ್ಗ ತುಂಡಾದರೆ ಪಕ್ಕದ ಅಂಗಡಿಯ ಹುಡುಗನೇ ಹಾಕಿಕೊಡುತ್ತಿದ್ದ, ಮೆಕ್ಯಾನಿಕ್ ಬೇಕಾಗ್ತಿರಲಿಲ್ಲ. ಆಮೇಲೆ ಇನ್ವರ್ಟರ್ ಬಂತು, ಜನರೇಟರುಗಳು ಗುಜರಿಗೆ ಹೋದವು, ಜೊತೆಗೆ ಆ ಹುಡುಗರ ಕೈಯಲ್ಲಿದ್ದ ವಿದ್ಯೆಯೂ ಹೋಯ್ತು. ಇನ್ವರ್ಟರ್ ಬಗ್ಗೆ ನನಗೇನೂ ದ್ವೇಷ ಇಲ್ಲ, ನನ್ನ ಮನೆಯಲ್ಲೂ ಇದೆ. ಆದರೆ ಒಂದು ಪೇಟೆಗೆ ಪೇಟೆಯೇ ತಿಳಿದಿದ್ದ ಕೆಲಸ ಇಪ್ಪತ್ತು ವರ್ಷದಲ್ಲಿ "ರಿಪೇರಿ ಆಗಲ್ಲ" ಅನ್ನುವಷ್ಟು ದೂರ ಹೋಯ್ತಲ್ಲ ಅಂತ ಬೇಜಾರು.

ಬೇಜಾರು ಅಂತ ಸುಮ್ಮನೆ ಹೇಳ್ತಿಲ್ಲ. 2024ರ ಸೆಪ್ಟೆಂಬರ್ ನೆನಪಿದೆಯಲ್ಲ?

ಆಗಸ್ಟ್ 31ರಂದು ಹಿಡಿದ ಮಳೆ. ಬುಡಮೇರು ತೊರೆಯ ಏರಿ ಮೂರು ಕಡೆ ಒಡೆದು ನೀರು ಸಿಂಗ್ ನಗರ, ಪಾಯಕಾಪುರ, ರಾಜರಾಜೇಶ್ವರಿಪೇಟೆ ಕಡೆ ನುಗ್ಗಿತು. ಇತ್ತ ಕೃಷ್ಣೆಯಲ್ಲಿ ಪ್ರಕಾಶಂ ಬ್ಯಾರೇಜಿಗೆ 11 ಲಕ್ಷ 43 ಸಾವಿರ ಕ್ಯೂಸೆಕ್ ನೀರು, 2009ರ ಅಕ್ಟೋಬರಿನ ದಾಖಲೆಗಿಂತ ಹೆಚ್ಚು. ಕಟ್ಟು ಕಿತ್ತುಕೊಂಡು ತೇಲಿಬಂದ ದೊಡ್ಡ ದೋಣಿಗಳು ಬ್ಯಾರೇಜಿಗೆ ಹೊಡೆದು 67, 69, 70ನೇ ಗೇಟುಗಳ ಕೌಂಟರ್‌ವೇಟ್ ಜಖಂ ಆದವು. ಅದನ್ನು ಸರಿಮಾಡಿಸಲು ಬಂದವರು ಯಾರು ಗೊತ್ತಾ? ಅದಕ್ಕೆ ಸ್ವಲ್ಪ ದಿನ ಮುಂಚೆ ನಮ್ಮ ಹೊಸಪೇಟೆಯಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ಉಳಿಸಿದ ಹಿರಿಯ ಎಂಜಿನಿಯರ್ ಕನ್ನಯ್ಯ ನಾಯ್ಡು. ಅಲ್ಲಿ ಚೈನು, ಇಲ್ಲಿ ದೋಣಿ ಕಟ್ಟಿದ ಹಗ್ಗ. ದೊಡ್ಡದನ್ನು ಕೆಡಿಸೋದು ಯಾವಾಗಲೂ ಇಂಥ ಚಿಕ್ಕ ಸಾಮಾನೇ.

ನಮ್ಮ ಗವರ್ನರ್‌ಪೇಟೆಯಲ್ಲಿ ನೀರು ಬೇಗ ಇಳಿಯಿತು. ಆದರೆ ನನ್ನ ಭಾವಮೈದನ ಮನೆ ಇದ್ದದ್ದು ಸಿಂಗ್ ನಗರದ ಒಳಗೆ, ಮೊದಲ ಮಹಡಿ. ಮನೆಯಲ್ಲಿ ನಮ್ಮ ಅತ್ತೆ, ಎಪ್ಪತ್ತೆಂಟು ವರ್ಷ, ದಿನಾ ಎರಡು ಹೊತ್ತು ಇನ್ಸುಲಿನ್. ಕರೆಂಟಿಲ್ಲ, ಫ್ರಿಜ್ ಇಲ್ಲ, ಫೋನಿನ ಚಾರ್ಜು ಖಾಲಿ. ಮೂರನೇ ದಿನ ನಾನು ಔಷಧಿ ಕಟ್ಟಿಕೊಂಡು ಫ್ಲೈಓವರ್ ಹತ್ತಿರ ಹೋದೆ. ದೋಣಿಗಳೆಲ್ಲ ಅಲ್ಲಿಂದಲೇ ಹೊರಡುತ್ತಿದ್ದವು. ಯಾರೋ ಪುಣ್ಯಾತ್ಮರು ತಮ್ಮ ಸ್ವಂತ ದೋಣಿ ತಂದಿದ್ದರು. ಚಿಕ್ಕ ಇಂಜಿನ್, ಇಬ್ಬರು ಹುಡುಗರು, ಹಾಲಿನ ಪ್ಯಾಕೆಟ್, ನೀರಿನ ಬಾಟಲಿ. ನನ್ನನ್ನೂ ಹತ್ತಿಸಿಕೊಂಡರು.

ಅರ್ಧ ದಾರಿಯಲ್ಲಿ ಫ್ಯಾನಿಗೆ ಬಟ್ಟೆ ಸಿಕ್ಕಿಕೊಂಡು ಇಂಜಿನ್ ನಿಂತಿತು. ಬಟ್ಟೆ ಬಿಡಿಸಿದ್ದಾಯ್ತು. ಹುಡುಗ ಹಗ್ಗ ಎಳೆದ. ಹತ್ತಲಿಲ್ಲ. ಮತ್ತೆ ಎಳೆದ. ಹತ್ತು, ಹದಿನೈದು, ಇಪ್ಪತ್ತು ಸಲ ಎಳೆದ. "ನಿಲ್ಲಿಸೋ, ಟ್ಯಾಂಕಿನ ಗಾಳಿ ತಿರುಪು ನೋಡೋ" ಅಂತ ನಾನು ಕೂಗುವಷ್ಟರಲ್ಲಿ ಟಪ್ ಅಂತ ಹಗ್ಗ ಹಿಡಿಯ ಸಮೇತ ಅವನ ಕೈಗೆ ಬಂತು, ಅವನು ಹಿಂದಕ್ಕೆ ನನ್ನ ಮೇಲೆ ಬಿದ್ದ. ತಿರುಪು ನೋಡಿದರೆ ಮುಚ್ಚಿಯೇ ಇತ್ತು.

ಏನು ಮಾಡಬೇಕು ಅಂತ ನನಗೆ ಗೊತ್ತಿತ್ತು ನೋಡಿ. ಮೇಲಿನ ಟೋಪಿ ತೆಗೆದು, ಸ್ಟಾರ್ಟರ್ ಹಿಡಿದಿರುವ ಮೂರು ಬೋಲ್ಟು ಬಿಚ್ಚಿ ಎತ್ತಿಟ್ಟರೆ ಫ್ಲೈವೀಲು ಕಾಣ್ತದೆ. ಅದರ ಅಂಚಿನ ಕಚ್ಚಿಗೆ ಗಂಟು ಹಾಕಿದ ಹಗ್ಗ ಸಿಕ್ಕಿಸಿ, ಎರಡು ಸುತ್ತು ಸುತ್ತಿ ಎಳೆದರೆ ಇಂಜಿನ್ ಹತ್ತುತ್ತದೆ. ನಾವು ಗಂಗೊಳ್ಳಿಯಲ್ಲಿ ಎಷ್ಟು ಸಲ ಮಾಡಿದ್ದೇವೋ. ಹಗ್ಗವೂ ಇತ್ತು. ಇಲ್ಲದ್ದು ಒಂದು ಹತ್ತನೇ ನಂಬರ್ ಸ್ಪ್ಯಾನರ್! ಇಂಜಿನ್ ಜೊತೆ ಬಂದ ಟೂಲ್ ಕಿಟ್ ಎಲ್ಲಿ ಅಂದರೆ "ಮನೆಯಲ್ಲಿ ಭದ್ರವಾಗಿ ಇಟ್ಟಿದ್ದೇವೆ" ಅಂದರು. ಮೂರು ಬೋಲ್ಟುಗಳನ್ನು ನೋಡ್ತಾ ಕೂತೆ. ಬರಿಗೈಯಲ್ಲಿ ತಿರುಗಿಸಲು ನೋಡಿದೆ, ಉಗುರು ಕಿತ್ತುಬಂತು ಅಷ್ಟೆ.

ಬಿದಿರುಗಳ ಹಿಡಿದು ಗೋಡೆಗೆ, ಕಂಬಕ್ಕೆ ಒತ್ತಿಕೊಂಡು ಹೋದೆವು. ಇಪ್ಪತ್ತು ನಿಮಿಷದ ದಾರಿಗೆ ಮೂರು ಗಂಟೆ. ಅತ್ತೆಗೆ ಆಗಲೇ ಮಾತು ತೊದಲುತ್ತಿತ್ತು, ಆಮೇಲೆ ಆರು ದಿನ ಆಸ್ಪತ್ರೆಯಲ್ಲಿದ್ದರು, ದೇವರ ದಯೆ, ಉಳಿದರು. ನನಗೆ ಈಗಲೂ ಕಣ್ಣಿಗೆ ಕಟ್ಟುವುದು ಅದಲ್ಲ. ದಾರಿಯಲ್ಲಿ ಇನ್ನೊಂದು ಬೀದಿಯ ತುದಿಯ ಮನೆಯ ಟೆರೇಸಿನಿಂದ ಒಬ್ಬ ಹೆಂಗಸು ಮಗು ಎತ್ತಿ ತೋರಿಸಿ ಕೂಗುತ್ತಿದ್ದಳು. ಆ ಬೀದಿಯಲ್ಲಿ ನೀರಿನ ಸೆಳೆತ ಎದುರಿಗಿತ್ತು, ಬಿದಿರಿನಲ್ಲಿ ಹೋಗುವುದು ಸಾಧ್ಯವೇ ಇರಲಿಲ್ಲ. ಕೈ ಬೀಸಿ "ಬೇರೆಯವರು ಬರ್ತಾರೆ" ಅಂದೆವು. ಬೇರೆಯವರು ಹೋದದ್ದು ಮಾರನೇ ದಿನ ಅಂತ ಆಮೇಲೆ ತಿಳೀತು. ಮಗು ಚೆನ್ನಾಗಿತ್ತಂತೆ. ಆದರೂ...

ಆ ಹುಡುಗರನ್ನು ನಾನು ಬೈಯುವುದಿಲ್ಲ. ತಮ್ಮ ದೋಣಿ, ತಮ್ಮ ಪೆಟ್ರೋಲು ತಂದು ಊರಿಗಾಗಿ ಇಳಿದವರು ಅವರು. ಆದರೆ ಆ ಹಗ್ಗ ಅವತ್ತು ಸತ್ತದ್ದಲ್ಲ. ಒಂದು ವರ್ಷದಿಂದ ಬಿಸಿಲಿಗೆ ಒಣಗಿ, ಹೊರಬರುವ ತೂತಿನ ಅಂಚಿಗೆ ಉಜ್ಜಿ ಅರ್ಧ ತಿಂದುಹೋಗಿತ್ತು. ತುಂಡಾದ ತುದಿ ನೋಡಿದರೆ ಗೊತ್ತಾಗ್ತದೆ, ಅರ್ಧ ಕಪ್ಪಗೆ ಹಳೆಯದು, ಅರ್ಧ ಬೆಳ್ಳಗೆ ಹೊಸದು.

ನನ್ನ ಅಭಿಪ್ರಾಯ ಕೇಳಿದರೆ, ಹಗ್ಗ ತುಂಡಾಗುವುದು ಹತ್ತಕ್ಕೆ ಎಂಟು ಸಲ ಹಗ್ಗದ ತಪ್ಪಲ್ಲ. ಇಂಜಿನ್ ಹತ್ತುವುದಿಲ್ಲ, ಯಾಕೆ ಅಂತ ಯಾರೂ ನೋಡುವುದಿಲ್ಲ, ಎಳೆಯುತ್ತಾ ಹೋಗ್ತಾರೆ. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಬಿಚ್ಚಿದೆಯಾ? ಕೈಗೆ ಕಟ್ಟಿಕೊಳ್ಳುವ ಕೆಂಪು ಸುರುಳಿಯ ಕ್ಲಿಪ್ಪು ಸ್ವಿಚ್ಚಿಗೆ ಸಿಕ್ಕಿಸಿದೆಯಾ? ಚೋಕ್ ಎಳೆದಿದೆಯಾ? ಆರು ತಿಂಗಳ ಹಳೇ ಪೆಟ್ರೋಲು ಕಾರ್ಬುರೇಟರಿನಲ್ಲಿ ಗೋಂದಾಗಿದೆಯಾ? ಐದು ಸಲ ಎಳೆದು ಹತ್ತದಿದ್ದರೆ ಆರನೆಯದಕ್ಕೆ ಕೈ ಹಾಕಬಾರದು, ಇದನ್ನೆಲ್ಲ ನೋಡಬೇಕು. ಎಳೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಮೆಲ್ಲಗೆ, ಒಳಗಿನ ಕೊಕ್ಕೆ ಕಚ್ಚಿದ್ದು ಕೈಗೆ ತಿಳಿಯುವವರೆಗೆ. ಆಮೇಲೆ ಒಂದೇ ಜೋರು. ಆಮೇಲೆ ಹಿಡಿಯನ್ನು ಬಿಟ್ಟುಬಿಡದೆ ಕೈಯಲ್ಲೇ ವಾಪಸ್ಸು ಕಳಿಸಬೇಕು. ಸಿನಿಮಾ ಹೀರೋ ತರ ಟಕ್ ಅಂತ ಬಿಟ್ಟರೆ ಸ್ಪ್ರಿಂಗಿನ ಕೊಕ್ಕೆಗೆ ಪೆಟ್ಟು.

ಇನ್ನು ಹಗ್ಗ ಬದಲಾಯಿಸೋದು. ಇದನ್ನು ಬಿಡಿಸಿ ಹೇಳ್ತೇನೆ, ಯಾಕಂದ್ರೆ ಇದು ಮನೆಯಲ್ಲೇ ಮಾಡಬಹುದಾದದ್ದು. ದೋಣಿ ಇಲ್ಲದವರೂ ಓದಿ. ತೋಟಕ್ಕೆ ಕಳೆ ಕತ್ತರಿಸುವ ಮೆಷಿನ್, ಪವರ್ ಸ್ಪ್ರೇಯರ್, ಎತ್ತಿಕೊಂಡು ಹೋಗುವ ಪಂಪು, ಎಲ್ಲದರಲ್ಲೂ ಇರೋದು ಇದೇ ಸ್ಟಾರ್ಟರ್. ಊರಲ್ಲಿ ಅಡಿಕೆ ತೋಟ ಇಟ್ಟುಕೊಂಡು ಪರವೂರಲ್ಲಿ ಇರುವವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪು ಎಳೆದಿಡಿ. ಗೇರು ನ್ಯೂಟ್ರಲಿನಲ್ಲಿ ಇರಲಿ. ಸ್ಟಾರ್ಟರಿಗೆ ಬರುವ ತೆಳ್ಳನೆ ಕೇಬಲ್ ಇದ್ದರೆ ಹೇಗೆ ಕೂತಿತ್ತು ಅಂತ ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಿಡಿಸಿ. ಬೋಲ್ಟು ಬಿಚ್ಚಿ ಸ್ಟಾರ್ಟರನ್ನು ಮೇಜಿನ ಮೇಲೆ ಬೋರಲಾಗಿ ಇಡಿ. ಹಗ್ಗ ಪೂರ್ತಿ ತುಂಡಾಗಿದ್ದರೆ ಸ್ಪ್ರಿಂಗಿನ ಬಿಗಿ ಆಗಲೇ ಇಳಿದಿರುತ್ತದೆ. ಬರೀ ಸವೆದಿದ್ದರೆ ರಾಟೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ನಿಧಾನವಾಗಿ ಬಿಗಿ ಇಳಿಸಬೇಕು. ಹೊಸ ಹಗ್ಗ ಹೆಣೆದ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಹಗ್ಗ ಹಾಕಿದರೆ ಉಜ್ಜಿದ ಬಿಸಿಗೇ ಮೆತ್ತಗಾಗ್ತದೆ. ದಪ್ಪ ಹಳೆಯದರಷ್ಟೇ. ದಪ್ಪವಾದರೆ ರಾಟೆಯಲ್ಲಿ ಹಿಡಿಸುವುದಿಲ್ಲ, ತೆಳುವಾದರೆ ರಾಟೆಯ ಪಕ್ಕಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಹಳೆಯ ಎರಡು ತುಂಡುಗಳನ್ನೂ ಸೇರಿಸಿ ಅಳೆಯಿರಿ. "ಇರಲಿ ಒಂದಡಿ ಜಾಸ್ತಿ" ಅನ್ನುವ ಧಾರಾಳತನ ಇಲ್ಲಿ ಬೇಡ! ಜಾಸ್ತಿ ಉದ್ದವಾದರೆ ಪೂರ್ತಿ ಎಳೆದಾಗ ಸ್ಪ್ರಿಂಗು ಕೊನೆಮುಟ್ಟಿ ಕೊಕ್ಕೆ ಮುರಿಯುತ್ತದೆ. ಎರಡೂ ತುದಿಗಳನ್ನು ಬೆಂಕಿ ತಾಗಿಸಿ ಕರಗಿಸಿ.

ಆಮೇಲೆ ರಾಟೆಯನ್ನು ಹಗ್ಗ ಎಳೆದಾಗ ತಿರುಗುವ ದಿಕ್ಕಿಗೇ ಕೈಯಲ್ಲಿ ತಿರುಗಿಸುತ್ತಾ ಹೋಗಿ, ಸ್ಪ್ರಿಂಗು ಬಿಗಿಯಾಗಿ ಇನ್ನು ಹೋಗಲ್ಲ ಅನ್ನುವವರೆಗೆ. ಅಲ್ಲಿಂದ ಸುಮಾರು ಒಂದು ಸುತ್ತು ಹಿಂದಕ್ಕೆ ಬಂದು, ರಾಟೆಯ ತೂತು ಮುಚ್ಚಳದ ತೂತಿಗೆ ನೇರವಾದ ಕಡೆ ಸ್ಕ್ರೂ ಡ್ರೈವರ್ ಅಡ್ಡ ಕೊಟ್ಟು ನಿಲ್ಲಿಸಿ. ಹೊರಗಿನಿಂದ ಹಗ್ಗ ತೂರಿಸಿ ರಾಟೆಯ ಒಳಗೆ ಗಂಟು ಹಾಕಿ, ಹೊರತುದಿಗೆ ಹಿಡಿ ಕಟ್ಟಿ. ಈಗ ರಾಟೆ ಹಿಡಿದುಕೊಂಡೇ ಸ್ಕ್ರೂ ಡ್ರೈವರ್ ತೆಗೆದು ನಿಧಾನವಾಗಿ ಬಿಟ್ಟರೆ ಸ್ಪ್ರಿಂಗೇ ಹಗ್ಗವನ್ನು ಒಳಗೆಳೆದುಕೊಳ್ಳುತ್ತದೆ. ಪರೀಕ್ಷೆ ಎರಡು. ಹಿಡಿ ಬಂದು ಮುಚ್ಚಳಕ್ಕೆ ಒತ್ತಿ ಕೂರಬೇಕು, ಜೋತುಬೀಳಬಾರದು. ಹಗ್ಗ ಪೂರ್ತಿ ಎಳೆದಾಗ ರಾಟೆ ಇನ್ನೂ ಅರ್ಧ ಸುತ್ತಾದರೂ ಮುಂದೆ ತಿರುಗುವಂತಿರಬೇಕು. ಇಷ್ಟೇ ಮಾರಾಯ್ರೆ.

ಹಗ್ಗ ಬರ್ತದೆ, ಇಂಜಿನ್ ತಿರುಗುವುದಿಲ್ಲ ಅಂದ್ರೆ ಕೊಕ್ಕೆ ಅಂಟಿಕೊಂಡಿದೆ ಅಂತ ಅರ್ಥ. ಹಳೇ ಗ್ರೀಸು, ಧೂಳು. ಸೀಮೆಎಣ್ಣೆ ಹಾಕಿ ತೊಳೆದು ಒಣಗಿಸಿ, ಅಲ್ಲಿ ಮತ್ತೆ ಗ್ರೀಸು ಮೆತ್ತಬೇಡಿ.

ಸ್ಪ್ರಿಂಗು ಮಾತ್ರ ನಿಮ್ಮ ಕೆಲಸವಲ್ಲ. ನಡುವಿನ ಬೋಲ್ಟು ಬಿಚ್ಚಿ ರಾಟೆ ಎತ್ತಿದರೆ ಸುರುಳಿ ಹಾವಿನ ತರ ಹೊರಗೆ ಹಾರುತ್ತದೆ. ಮಾವನ ಹುಬ್ಬಿನ ಮೇಲೆ ಕೊನೆತನಕ ಅದರ ಗುರುತಿತ್ತು. ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಅದನ್ನು ಕನ್ನಡಕ, ದಪ್ಪ ಕೈಗವಸು ಇರುವ, ಮಾಡಿ ಅಭ್ಯಾಸ ಇರುವವರಿಗೆ ಬಿಡಿ.

ಇನ್ನೊಂದು ಮಾತು ಹೇಳಲೇಬೇಕು, ಇದು ನನಗೆ ಬಹಳ ಸಿಟ್ಟು ಬರಿಸುವ ವಿಷಯ. ಆ ತೆಳ್ಳನೆ ಕೇಬಲ್ ಹೇಳಿದೆನಲ್ಲ, ಅದು ಗೇರಿನಲ್ಲಿದ್ದಾಗ ಸ್ಟಾರ್ಟರ್ ಎಳೆಯಲು ಬಿಡದಂತೆ ತಡೆಯುವ ಏರ್ಪಾಡು. ಅದು ಸ್ವಲ್ಪ ಸಡಿಲಾದರೆ ನ್ಯೂಟ್ರಲಿನಲ್ಲೂ ಹಗ್ಗ ಬರುವುದಿಲ್ಲ. ಆಗ ನಮ್ಮ ಕೆಲವು ಮೆಕ್ಯಾನಿಕ್ ಮಹಾಶಯರು ಏನು ಮಾಡ್ತಾರೆ? ಕೇಬಲನ್ನೇ ಕತ್ತರಿಸಿ ಎಸೆಯುತ್ತಾರೆ, "ಇನ್ನು ತೊಂದರೆ ಇಲ್ಲ" ಅಂತಾರೆ. ತೊಂದರೆ ಆಮೇಲೆ ಶುರು. ಗೇರಿನಲ್ಲಿದ್ದದ್ದು ಮರೆತು ಎಳೆದರೆ ದೋಣಿ ಮುಂದಕ್ಕೆ ನೆಗೆಯುತ್ತದೆ, ನಿಂತು ಎಳೆಯುತ್ತಿದ್ದವನು ಹಿಂದಕ್ಕೆ ನೀರಿಗೆ, ಅದೂ ತಿರುಗುವ ಫ್ಯಾನಿನ ಹತ್ತಿರ. ಎರಡು ನಟ್ಟು ಸಡಿಲಿಸಿ ಕೇಬಲ್ ಸರಿಮಾಡೋಕೆ ಬೇಕಾದದ್ದು ಹತ್ತು ನಿಮಿಷ. ನಾನು ರಿಪೇರಿ ರಿಪೇರಿ ಅಂತ ಕೂಗುವವನೇ ಆದರೂ ಇದನ್ನು ರಿಪೇರಿ ಅನ್ನುವುದಿಲ್ಲ.

ನನ್ನ ಅಳಿಯ ಬೆಂಗಳೂರಿನವನು, ಐಟಿ. ಇದನ್ನೆಲ್ಲ ಹೇಳಿದರೆ "ಮಾವ, ಈಗ ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಇಂಜಿನ್ ಇದೆ, ಬ್ಯಾಟರಿ ಮೋಟರ್ ಇದೆ, ಇದೆಲ್ಲ ಹಳೇ ಕಾಲ" ಅಂತಾನೆ. ಅವನು ಹೇಳುವುದರಲ್ಲಿ ಸುಳ್ಳೇನಿಲ್ಲ. 1909ರಲ್ಲಿ ಅಮೆರಿಕದಲ್ಲಿ ಓಲೆ ಎವಿನ್‌ರೂಡ್ ದೋಣಿ ಮೋಟರ್ ಮಾರಲು ಶುರು ಮಾಡಿದಾಗ ಈ ಹಗ್ಗವೂ ಇರಲಿಲ್ಲ, ಫ್ಲೈವೀಲಿನ ಮೇಲಿನ ಗುಬುಟು ಹಿಡಿದು ಕೈಯಲ್ಲೇ ತಿರುಗಿಸಬೇಕಿತ್ತು, ಎಷ್ಟೋ ಜನರ ಬೆರಳಗಂಟು ಒಡೆದಿದೆಯಂತೆ. ಕಾಲ ಮುಂದೆ ಹೋಗ್ತದೆ, ಹೋಗಲಿ. ಆದರೆ ನೆರೆ ಬಂದಾಗ ಗಲ್ಲಿಯೊಳಗೆ ನುಗ್ಗುವುದು ಚಿಕ್ಕ ದೋಣಿ, ಚಿಕ್ಕ ಇಂಜಿನ್, ಅದಕ್ಕೆ ಇವತ್ತಿಗೂ ಕೈಹಗ್ಗವೇ. ಬಟನ್ ಇರುವುದಕ್ಕೂ ಬ್ಯಾಟರಿ ಸತ್ತರೆ ಕೊನೆಗೆ ಹಗ್ಗವೇ ಗತಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡಿನ ಲೇಔಟುಗಳಲ್ಲಿ ಐಟಿಯವರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಿದ್ದು ಅವನೇ ನನಗೆ ವೀಡಿಯೋ ಕಳಿಸಿದ್ದ. ಅದನ್ನು ನೆನಪಿಸಿದೆ, ಮಾತು ಬದಲಿಸಿದ :)

ಅಂಗಡಿಯವರು ಯಾಕೆ ಪೂರ್ತಿ ಸೆಟ್ ಮಾರುತ್ತಾರೆ ಅಂತಲೂ ನನಗೆ ಅರ್ಥವಾಗುತ್ತದೆ. ಅರ್ಧ ಗಂಟೆ ಕೂತು ಅರವತ್ತು ರೂಪಾಯಿ ಹಗ್ಗ ಹಾಕಿದರೆ ಎಷ್ಟು ಕೂಲಿ ಕೇಳುವುದು? ಬಾಡಿಗೆ ಯಾರು ಕಟ್ಟುವುದು? ಸ್ಪ್ರಿಂಗು ತುಕ್ಕು ಹಿಡಿದು, ರಾಟೆ ಸೀಳಿದ್ದರೆ ಹೊಸ ಸೆಟ್ಟೇ ಸರಿ, ನಾನೂ ಅದನ್ನೇ ಹೇಳ್ತೇನೆ. ಆದರೆ ಗಿರಾಕಿಗೆ "ಹಗ್ಗ ಮಾತ್ರ ಹೋಗಿದೆ" ಅಂತ ನಿಜ ಹೇಳಿ, ಇನ್ನೂರು ರೂಪಾಯಿ ಕೂಲಿ ಕೇಳಿ. ಕೊಡುತ್ತಾರೆ. ಕೊಡದಿದ್ದವರು ಆ ಕೆಲಸವನ್ನು ತಾವೇ ಕಲಿಯಲಿ, ಅದಕ್ಕೂ ನನಗೆ ಖುಷಿಯೇ.

ಮತ್ತೆ ಯಾರ ಹತ್ತಿರವೇ ಆಗಲಿ, ನೆರೆಗೆ ಅಂತ ಎತ್ತಿಟ್ಟ ದೋಣಿ ಇದ್ದರೆ, ಅದು ಸರ್ಕಾರದ್ದಿರಲಿ, ಸಂಘದ್ದಿರಲಿ, ಅಪಾರ್ಟ್‌ಮೆಂಟಿನದ್ದಿರಲಿ, ತಿಂಗಳಿಗೊಮ್ಮೆ ಡ್ರಮ್ಮಿನ ನೀರಿನಲ್ಲಿ ಇಂಜಿನ್ ಇಳಿಸಿ ಹತ್ತಿಸಬೇಕು, ಹತ್ತಿಸಿದ ತಾರೀಕನ್ನು ಸೀಮೆಸುಣ್ಣದಲ್ಲಿ ಟೋಪಿಯ ಮೇಲೇ ಬರೆಯಬೇಕು. ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸ ಹಗ್ಗ, ಹಳೆಯದು ಚೆನ್ನಾಗಿದ್ದರೂ ಸರಿ. ಟೂಲ್ ಕಿಟ್ಟು ಮನೆಯ ಬೀರುವಿನಲ್ಲಲ್ಲ, ದೋಣಿಗೆ ಕಟ್ಟಿರಬೇಕು.

ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಈಗ ಒಂದು ಹತ್ತನೇ ನಂಬರ್ ಸ್ಪ್ಯಾನರ್, ಎರಡು ಮೀಟರ್ ಬಳ್ಳಿ ಯಾವಾಗಲೂ ಇರುತ್ತದೆ. ತರಕಾರಿ ತರೋಕೆ ಹೋದಾಗ ಹೆಂಡತಿ ಚೀಲ ಇಡೋಕೆ ಜಾಗ ಇಲ್ಲ ಅಂತ ಅದನ್ನೆತ್ತಿ ಹೊರಗಿಡುತ್ತಾಳೆ. ಆಮೇಲೆ ತಾನೇ ವಾಪಸ್ಸು ಹಾಕುತ್ತಾಳೆ, ಆಕೆಯ ಅಮ್ಮನ ವಿಷಯ ಅಲ್ವಾ.

ಆ ಭಾನುವಾರದ ಹುಡುಗ ಸಂಜೆ ಮತ್ತೆ ಬಂದ. ಇಂಜಿನ್ ಎರಡನೇ ಎಳೆತಕ್ಕೇ ಹತ್ತಿತಂತೆ. ಜೊತೆಗೆ ಇನ್ನೂ ಇಬ್ಬರನ್ನು ಕರೆತಂದಿದ್ದ, ಅವರ ಕೈಯಲ್ಲೂ ಒಂದೊಂದು ಸಿಮೆಂಟ್ ಚೀಲ. ಹಗ್ಗ ನಾನು ಹಾಕಿಕೊಡಲ್ಲ, ಕೂತು ನೀವೇ ಹಾಕಿ, ನಾನು ನೋಡ್ತೇನೆ ಅಂದೆ. ಒಬ್ಬ ರಾಟೆಯನ್ನು ಉಲ್ಟಾ ತಿರುಗಿಸಿದ, ಇನ್ನೊಬ್ಬ ಅಳತೆ ಮರೆತು ಹಗ್ಗ ಕತ್ತರಿಸಿದ. ಶಟರ್ ಎಳೆಯುವಾಗ ಒಂಬತ್ತೂವರೆ.